ಮುರಿದ ರೊಟ್ಟಿಯ ಲೆಕ್ಕ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಖಡಕ್ ರೊಟ್ಟಿ ಘಟಕ ಇದೆ. ಒಂಬತ್ತು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಮೊದಲ ವರ್ಷ ಗೋಡೆಯ ಬೋರ್ಡ್ ಮೇಲೆ ಒಂದೇ ಗುರಿ ಬರೆದಿದ್ದೆ: 35 ಲಕ್ಷ ವ್ಯಾಪಾರ. ಮಾರ್ಚ್ ಕೊನೆಗೆ 34 ಲಕ್ಷ ಆಯಿತು. ಎಲ್ಲರಿಗೂ ಪೇಢೆ ಹಂಚಿದೆ. ಮರುವಾರ ಜೋಳ ಕೊಳ್ಳೋಣ ಅಂದರೆ ಖಾತೆಯಲ್ಲಿ ದುಡ್ಡೇ ಇಲ್ಲ.

ಅವತ್ತು ರಾತ್ರಿ ಕೂತು ಒಂದೇ ಒಂದು ರೊಟ್ಟಿಯ ಲೆಕ್ಕ ಹಾಕಿದೆ. ಹಿಟ್ಟು 3 ರೂಪಾಯಿ, ಬಡಿಯುವ ಕೂಲಿ 2, ಗ್ಯಾಸ್ 75 ಪೈಸೆ, ಪ್ಯಾಕಿಂಗ್ 50 ಪೈಸೆ. ಅಲ್ಲಿಗೆ 6.25. ಅಂಗಡಿಗೆ ಕೊಡುವುದು 7.50ಕ್ಕೆ. ಆದರೆ ನೂರಕ್ಕೆ ಏಳು ರೊಟ್ಟಿ ಮುರಿಯುತ್ತಿದ್ದವು. ಆ ನಷ್ಟ ಕಳೆದರೆ ರೊಟ್ಟಿಗೆ ಉಳಿಯುವುದು ಸುಮಾರು 73 ಪೈಸೆ. ಬಾಡಿಗೆ, ಗಾಡಿ, ಸಾಲದ ಕಂತು ಸೇರಿ ತಿಂಗಳಿಗೆ 30,000. ಅಂದರೆ ಸುಮಾರು 41,000 ರೊಟ್ಟಿ ಬಡಿದ ಮೇಲೇ ಲಾಭ ಶುರು. ನಾವು ಬಡಿಯುತ್ತಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ.

35 ಲಕ್ಷ ಅಳಿಸಿದೆ. ‘ನೂರಕ್ಕೆ 97 ಇಡೀ ರೊಟ್ಟಿ’ ಅಂತ ಬರೆದೆ. ಮುರಿದದ್ದನ್ನೆಲ್ಲ ಒಂದು ಬುಟ್ಟಿಗೆ ಹಾಕಿ ದಿನಾ ಸಂಜೆ ಎಣಿಸಿದೆವು. ಮಜ್ಜಿಗೆಯಲ್ಲಿ ನೆನೆಸಿ ತಿನ್ನಲು ಅವು ಚೆನ್ನಾಗಿಯೇ ಇರುತ್ತವೆ, ಅಂಗಡಿಯವರು ಮಾತ್ರ ತಗೊಳ್ಳಲ್ಲ. ನಾಲ್ಕನೇ ದಿನ ನಮ್ಮಲ್ಲಿ ಹಿರಿಯಳಾದ ಅಕ್ಕ ಬುಟ್ಟಿಯಿಂದ ಒಂದು ಚೂರು ಎತ್ತಿ ತೋರಿಸಿದಳು. ಅಂಚು ಬಾಗಿತ್ತು. ಬಿಸಿ ಆರುವ ಮೊದಲೇ ಪೇರಿಸಿದರೆ ರೊಟ್ಟಿ ಬಾಗುತ್ತದೆ, ಮೇಲೆ ಭಾರ ಬಿದ್ದಾಗ ಬಾಗಿದ್ದು ಮುರಿಯುತ್ತದೆ ಅಂದಳು. ಆರಿಸಲು ಬಿದಿರಿನ ತಟ್ಟಿ ತಂದೆ, ಸಾಗಿಸಲು ಮರದ ಪೆಟ್ಟಿಗೆ ಮಾಡಿಸಿದೆ. ಎರಡು ತಿಂಗಳಲ್ಲಿ ಏಳು ಮೂರಕ್ಕೆ ಇಳಿಯಿತು. ಈಗ ರೊಟ್ಟಿಗೆ ಒಂದು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ. ಸುಮಾರು 29,000 ರೊಟ್ಟಿಗೇ ತಿಂಗಳ ಖರ್ಚು ಕಳೆಯುತ್ತದೆ.

ಎರಡನೆಯದು ಉದ್ರಿ. ಒಟ್ಟು 3.4 ಲಕ್ಷ ಹೊರಗಿತ್ತು. ದಿನದ ವ್ಯಾಪಾರ ಸರಾಸರಿ 9,300. ಭಾಗಿಸಿದರೆ ಸುಮಾರು 37 ದಿನದ ವ್ಯಾಪಾರ ಪೂರ್ತಿ ಬೇರೆಯವರ ಜೇಬಲ್ಲಿ! 20 ದಿನಕ್ಕೆ ಇಳಿಸಬೇಕು ಅಂತ ಗುರಿ ಇಟ್ಟೆ. ದೊಡ್ಡ ಬಾಕಿ ಒಬ್ಬ ಅಡುಗೆ ಗುತ್ತಿಗೆದಾರರದು, ಮೂರು ತಿಂಗಳಾದರೂ ಕೊಡುತ್ತಿರಲಿಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ನಮ್ಮಂಥ ಸಣ್ಣವರ ಪರವಾಗಿದೆ. ಕೊಂಡವರು ನಮಗೆ ದುಡ್ಡು ಕೊಡುವುದು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ಆದಾಯ ತೆರಿಗೆಯಲ್ಲೂ 2024ರ ಏಪ್ರಿಲ್‌ನಿಂದ ಒಂದು ನಿಯಮ ಬಂದಿದೆ. ಕೊಂಡವರು ಆ ಗಡುವು ದಾಟಿಸಿದರೆ, ದುಡ್ಡು ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದು. ಸಣ್ಣ ಉದ್ದಿಮೆ ಅಂತ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿ, ಆ ನಂಬರನ್ನೂ ಗಡುವಿನ ತಾರೀಖನ್ನೂ ಪ್ರತಿ ಬಿಲ್ ಮೇಲೆ ಹಾಕಿಸಿದೆ. ಜಗಳ ಆಡಲಿಲ್ಲ, ಅವರ ಲೆಕ್ಕಿಗರಿಗೆ ಸುಮ್ನೆ ಒಂದು ಫೋನ್ ಮಾಡಿದೆ. ಹಳೇ ಬಾಕಿ ಎರಡು ಕಂತಿನಲ್ಲಿ ಬಂತು.

ಇಷ್ಟಕ್ಕೆಲ್ಲ ಕಾರಣ ಮೂರನೇ ಗುರಿ: ಫೆಬ್ರವರಿ ಕೊನೆಗೆ ಬೇರೆ ಖಾತೆಯಲ್ಲಿ 3 ಲಕ್ಷ ಇರಬೇಕು. ಹಿಂಗಾರಿಯ ಮಾಲದಂಡಿ ತಳಿಯ ಜೋಳ ಸುಗ್ಗಿಯಲ್ಲಿ ಸೋವಿ ಸಿಗುತ್ತದೆ, ಮಳೆಗಾಲಕ್ಕೆ ರೇಟು ಏರುತ್ತದೆ. ಆಗ ನಗದು ಇದ್ದವನದೇ ಮಾತು ನಡೆಯೋದು, ಅಲ್ವಾ? ಪ್ರತಿ ಶನಿವಾರ ಮೂರೂ ಅಂಕಿ ಬೋರ್ಡ್ ಮೇಲೆ ಬರೆಯುತ್ತೇನೆ, ಎಲ್ಲರಿಗೂ ಕಾಣುವ ಹಾಗೆ. ಈ ಸಲ ಫೆಬ್ರವರಿಯಲ್ಲಿ ಖಾತೆಯಲ್ಲಿ 2.8 ಲಕ್ಷ ಇತ್ತು. ಗುರಿಗೆ 20,000 ಕಡಿಮೆ ಬಿತ್ತು, ಆದರೂ ಎರಡು ತಿಂಗಳಿಗೂ ಹೆಚ್ಚು ಸಾಲುವ ಜೋಳ ನಗದು ಕೊಟ್ಟು ತುಂಬಿಸಿದೆ. ಚೀಲ ಇಳಿಸುವಾಗ ಆ ಅಕ್ಕ ಒಂದು ಮುಷ್ಟಿ ಜೋಳ ತೆಗೆದು, ಊದಿ ನೋಡಿ, ‘ಚಲೋ ಐತಿ’ ಅಂದಳು.