ಕೀಮೋ ಮುಗಿಸಿ ಮನೆಗೆ ಬಂದ ಮೇಲೆ ಕಾಡುವ ಚಿಂತೆಗಳಿಗೆ ಏನು ಮಾಡಬಹುದು?

ಆಸ್ಪತ್ರೆಯ ಡೇ ಕೇರ್‌ನಲ್ಲಿ ಕೀಮೋ, ಅಂದರೆ ಕ್ಯಾನ್ಸರ್‌ಗೆ ಕೊಡುವ ಔಷಧಿ, ಹಾಕಿಸಿಕೊಂಡು ಸಂಜೆಗೆ ಮನೆಗೆ ಬರುತ್ತೀರಿ. ಅಲ್ಲಿದ್ದಷ್ಟು ಹೊತ್ತು ಏನೇ ಆದರೂ ಕೇಳೋಕೆ ನರ್ಸ್ ಇದ್ದರು. ರಾತ್ರಿ ಎರಡು ಗಂಟೆಗೆ ಮೈ ಬಿಸಿಯಾದ ಹಾಗೆ ಅನಿಸಿದರೆ ಯಾರನ್ನು ಕೇಳುವುದು? ಭಯ ಶುರುವಾಗುವುದೇ ಅಲ್ಲಿ.

ಅದಕ್ಕೇ ಮೊದಲ ದಿನ, ಡ್ರಿಪ್ ಹಾಕುವ ಮುಂಚೆಯೇ, ರಾತ್ರಿ ಮತ್ತು ರಜೆ ದಿನ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆದುಕೊಳ್ಳಿ. ಯಾವುದಕ್ಕೆ ತಕ್ಷಣ ಮಾಡಬೇಕು, ಯಾವುದಕ್ಕೆ ಬೆಳಗಿನ ತನಕ ಕಾಯಬಹುದು ಅಂತಲೂ ಕೇಳಿ. ಜ್ವರಕ್ಕೆ ಮಾತ್ರ ಕಾಯಲೇಬೇಡಿ. ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಆಗಲೇ ಫೋನ್ ಮಾಡಿ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿರುತ್ತವೆ, ಸಣ್ಣ ಸೋಂಕೂ ಬೇಗ ಜೋರಾಗಬಹುದು. ಒಂದು ಪ್ಯಾರಾಸಿಟಮಾಲ್ ನುಂಗಿ ನೋಡೋಣ ಅಂದುಕೊಂಡರೆ ಜ್ವರ ಇರುವುದೇ ಗೊತ್ತಾಗದೆ ಹೋಗಬಹುದು. ಇಷ್ಟಕ್ಕೆಲ್ಲ ತೊಂದರೆ ಕೊಡಬೇಕಾ ಅನ್ನುವ ಸಂಕೋಚ ದಯವಿಟ್ಟು ಬೇಡ.

ಇನ್ನು ಕೆಲವು ಭಯ, ಮೊದಲೇ ಗೊತ್ತಿದ್ದರೆ ಅರ್ಧ ಇಳಿಯುತ್ತವೆ. ಡಾಕ್ಸೊರುಬಿಸಿನ್ ಅನ್ನುವ ಕೆಂಪು ಔಷಧಿ ಹಾಕಿದ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗಿ ಹೋಗುತ್ತದೆ. ಅದು ಔಷಧಿಯ ಬಣ್ಣ. ಗೊತ್ತಿಲ್ಲದವರು ರಕ್ತ ಅಂದುಕೊಂಡು ಬಚ್ಚಲಲ್ಲೇ ಕುಸಿದು ಕೂರುತ್ತಾರೆ. ವಾಂತಿ ತಡೆಯಲು ಕೊಡುವ ಸ್ಟಿರಾಯ್ಡ್‌ನಿಂದ ನಿದ್ದೆ ಹಾರಿಹೋಗಬಹುದು, ಅದನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ರಕ್ತಕಣ ಕಡಿಮೆ ಇದೆ ಅಂತ ಮುಂದಿನ ಸೈಕಲ್, ಅಂದರೆ ಮುಂದಿನ ಸುತ್ತಿನ ಕೀಮೋ, ಒಂದು ವಾರ ಮುಂದೆ ಹೋದರೆ ಕಾಯಿಲೆ ಜಾಸ್ತಿಯಾಯಿತು ಅಂತಲ್ಲ, ಮೈ ಸುಧಾರಿಸಿಕೊಳ್ಳಲಿ ಅಂತ. ಆಸ್ಪತ್ರೆಯ ವಾಸನೆ ನೆನೆದರೇ ವಾಕರಿಕೆ ಬರುತ್ತದೆ ಅಂತ ಹೇಳೋಕೆ ನಾಚಿಕೆಪಡಬೇಡಿ, ತುಂಬ ಜನರಿಗೆ ಹೀಗಾಗುತ್ತದೆ, ಅದಕ್ಕೂ ಮಾತ್ರೆ ಇದೆ.

ಒಂದು ನೋಟ್‌ಬುಕ್ ಹಾಸಿಗೆ ಪಕ್ಕದಲ್ಲೇ ಇರಲಿ. ಏನಾಯಿತು, ಯಾವ ದಿನ, ಎಷ್ಟು ಹೊತ್ತು ಅಂತ ಎರಡು ಸಾಲು ಸಾಕು. ಎರಡನೇ ಸೈಕಲ್‌ನಲ್ಲಿ ಅದನ್ನು ತಿರುವಿದರೆ, 'ಹೋದ ಸಲವೂ ನಾಲ್ಕನೇ ದಿನ ಹೀಗೇ ಸುಸ್ತಾಗಿತ್ತು, ಏಳನೇ ದಿನ ಎದ್ದು ಓಡಾಡಿದೆ' ಅಂತ ನಿಮ್ಮ ಕೈಬರಹವೇ ಹೇಳುತ್ತದೆ. ಅಂಥ ಧೈರ್ಯ ಬೇರೆಯವರು ಕೊಡೋಕಾಗಲ್ಲ.

'ಮುಂದೇನಾಗುತ್ತೋ' ಅನ್ನುವ ದೊಡ್ಡ ಭಯಕ್ಕೆ ಮಾತ್ರ ಫೋನ್ ನಂಬರ್ ಇಲ್ಲ. ಮನೆಯವರು 'ಧೈರ್ಯವಾಗಿರು' ಅಂದಾಗ, 'ಸ್ವಲ್ಪ ಹೊತ್ತು ಸುಮ್ನೆ ಜೊತೆಗೆ ಕೂತ್ಕೊಳ್ಳಿ' ಅಂತ ಬಾಯಿಬಿಟ್ಟು ಕೇಳಿ. ಎರಡು ವಾರ ಕಳೆದರೂ ಮನಸ್ಸು ಏಳದೇ ಇದ್ದರೆ, ಊಟ ನಿದ್ದೆ ಬೇಡ ಅನಿಸಿದರೆ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿ, ಕೌನ್ಸೆಲರ್ ಬೇಕು ಅಂತ ಕೇಳಿ.