ಗೊಂಬೆಗೆ ಬಂಜಿ ಕಟ್ಟಿದ್ದು

ಒಂಬತ್ತನೇ ಕ್ಲಾಸಿಗೆ ‘ಕೆಲಸ ಮತ್ತು ಶಕ್ತಿ’ ಪಾಠ ತೆಗೆದರೆ ಸಾಕು, ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರು. ಹೊಸನಗರದ ಕಡೆಯ ಹಳ್ಳಿ ಹೈಸ್ಕೂಲು ನಮ್ಮದು. ವಿಡಿಯೋ ತೋರಿಸೋಣ ಅಂದರೆ ಮಳೆಗಾಲದಲ್ಲಿ ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಶಾಲೆಯ ಮಹಡಿಯಿಂದಲೇ ಬಂಜಿ ಜಂಪಿಂಗ್, ಅಂದರೆ ಕಾಲಿಗೆ ಹಿಗ್ಗುವ ಹಗ್ಗ ಕಟ್ಟಿಕೊಂಡು ಎತ್ತರದಿಂದ ಹಾರುವ ಆಟ, ಮಾಡಿಸಿದೆ. ಹಾರಿದ್ದು ಗೊಂಬೆ.

ಸಾಮಾನು ಜಾಸ್ತಿ ಬೇಡ. ಹಳೇ ಬಟ್ಟೆಯಲ್ಲಿ ಹೊಲಿದು ಮರಳು ತುಂಬಿದ, ಕಾಲು ಕೆ.ಜಿ.ಗಿಂತ ಸ್ವಲ್ಪ ಕಡಿಮೆ ತೂಗುವ ಗೊಂಬೆ. ಒಂದೇ ಅಳತೆಯ ರಬ್ಬರ್ ಬ್ಯಾಂಡಿನ ಪ್ಯಾಕೆಟ್. ಗೋಡೆ ಮೇಲೆ ಗುರುತು ಹಾಕಲು ಸೀಮೆಸುಣ್ಣ. ನಿಧಾನ ಚಲನೆಯಲ್ಲಿ ವಿಡಿಯೋ ತೆಗೆಯುವ ಮೊಬೈಲು.

ಮೊದಲು ಬೇಕೆಂದೇ ಗೋಣಿ ಹುರಿ ಕಟ್ಟಿ ಬಿಟ್ಟೆ. ಹುರಿ ತುಂಡಾಗಲಿಲ್ಲ. ಗೊಂಬೆಯ ಎಡಗಾಲಿನ ಹೊಲಿಗೆ ಬಿಚ್ಚಿ, ಮರಳು ಅಂಗಳಕ್ಕೆ ಸುರಿಯಿತು. ಮೂರು ಮೀಟರ್ ಬಿದ್ದದ್ದು ಮೂರು ಸೆಂಟಿಮೀಟರಿನಲ್ಲಿ ನಿಂತರೆ ಕಾಲಿಗೆ ಬೀಳುವ ಎಳೆತ ಸರಾಸರಿ ದೇಹದ ತೂಕದ ನೂರು ಪಟ್ಟು. ಅದೇ ಬೀಳುವಿಕೆಯನ್ನು ಮೂರು ಮೀಟರ್ ಎಳೆದು ನಿಲ್ಲಿಸಿದರೆ ಬರೀ ಎರಡು ಪಟ್ಟು. ಬೋರ್ಡಿನ ಮೇಲೆ ಇದನ್ನೇ ಬರೆದಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ.

ರಬ್ಬರ್ ಬ್ಯಾಂಡುಗಳನ್ನು ಒಂದರೊಳಗೊಂದು ತೂರಿಸಿ ಸರ ಮಾಡುತ್ತಾ ಕೂತಾಗ ಇದೆಲ್ಲ ಶುರುವಾದ ಕಥೆ ಹೇಳಿದೆ. ಪೆಸಿಫಿಕ್ ಸಾಗರದ ವನವಾಟು ದೇಶದಲ್ಲಿ ಪೆಂಟೆಕೋಸ್ಟ್ ಅಂತ ಒಂದು ದ್ವೀಪ. ಅಲ್ಲಿ ಗೆಣಸಿನ ಕೊಯ್ಲಿನ ಕಾಲಕ್ಕೆ ಗಂಡಸರು 20–30 ಮೀಟರ್ ಎತ್ತರದ ಮರದ ಅಟ್ಟಣೆ ಕಟ್ಟಿ, ಕಣಕಾಲಿಗೆ ಕಾಡುಬಳ್ಳಿ ಬಿಗಿದು ಹಾರುತ್ತಾರೆ. ಮೊದಲು ಹಾರಿದವಳು ಗಂಡನ ಕಾಟ ತಾಳದೆ ಮರ ಹತ್ತಿದ ಒಬ್ಬ ಹೆಂಗಸು ಅನ್ನುವುದು ಅವರದೇ ಕಥೆ. ಬಳ್ಳಿ ರಬ್ಬರಿನಷ್ಟು ಹಿಗ್ಗುವುದಿಲ್ಲ, ಅಲ್ವಾ? ಅದಕ್ಕೇ ಹಾರುವ ಹಲಗೆಯ ಆಸರೆ ಕೋಲುಗಳು ಎಳೆತಕ್ಕೆ ಮುರಿಯುವ ಹಾಗೆ ಇಡುತ್ತಾರೆ, ಕೆಳಗಿನ ಮಣ್ಣು ಅಗೆದು ಮೆತ್ತಗೆ ಮಾಡುತ್ತಾರೆ. 1974ರಲ್ಲಿ ಬ್ರಿಟನ್ನಿನ ರಾಣಿ ಬಂದಾಗ ಕಾಲವಲ್ಲದ ಕಾಲದಲ್ಲಿ ಹಾರಿಸಿದರು. ಬಳ್ಳಿ ಹದವಾಗಿರಲಿಲ್ಲ. ತುಂಡಾಗಿ ಒಬ್ಬ ಸತ್ತ. ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಸೊಪ್ಪಿನ ಹೊರೆ ಕಟ್ಟಿದವರಿಗೆ ಗೊತ್ತು, ಹಸಿ ಬಳ್ಳಿ ಬಾಗುತ್ತದೆ, ಒಣಗಿದ್ದು ಪಟ್ ಅನ್ನುತ್ತದೆ.

ಬಳ್ಳಿ ಹೋಗಿ ರಬ್ಬರ್ ಬಂದದ್ದು ಇಂಗ್ಲೆಂಡಿನಲ್ಲಿ. 1979ರ ಏಪ್ರಿಲ್ 1ರಂದು ಆಕ್ಸ್‌ಫರ್ಡಿನ ಡೇಂಜರಸ್ ಸ್ಪೋರ್ಟ್ಸ್ ಕ್ಲಬ್ಬಿನವರು ಬ್ರಿಸ್ಟಲ್‌ನ ಕ್ಲಿಫ್ಟನ್ ತೂಗುಸೇತುವೆಯಿಂದ ಹಾರಿದರು. ಪೊಲೀಸರು ಹಿಡಿದುಕೊಂಡು ಹೋದರು. ಮುಂದೆ ನ್ಯೂಜಿಲೆಂಡಿನ ಎ. ಜೆ. ಹ್ಯಾಕೆಟ್ 1987ರಲ್ಲಿ ಐಫೆಲ್ ಗೋಪುರದಿಂದ ಹಾರಿ ಸುದ್ದಿಯಾದರು. ಮರುವರ್ಷ ಹೆನ್ರಿ ವ್ಯಾನ್ ಆಶ್ ಜೊತೆ ಸೇರಿ ಕ್ವೀನ್ಸ್‌ಟೌನ್ ಹತ್ತಿರದ ಕವರಾವ್ ಸೇತುವೆಯಲ್ಲಿ, 43 ಮೀಟರ್ ಎತ್ತರದಿಂದ, ದುಡ್ಡು ಕೊಟ್ಟವರನ್ನು ಹಾರಿಸಲು ಶುರುಮಾಡಿದರು. ಆ ಜಾಗ ಈಗಲೂ ನಡೆಯುತ್ತಿದೆ.

ಸರ ತಯಾರಾಯಿತು. ಹೊಸ ರಬ್ಬರನ್ನು ನಾಲ್ಕೈದು ಸಲ ಚೆನ್ನಾಗಿ ಎಳೆದು ಪಳಗಿಸಿಕೊಳ್ಳಬೇಕು. ಮೊದಲ ಎಳೆತಕ್ಕೆ ಅದು ಬಿಗಿ, ಆಮೇಲೆ ಸಡಿಲ. ಹಾಗೆ ಮಾಡದಿದ್ದರೆ ಬೆಳಿಗ್ಗೆಯ ಲೆಕ್ಕ ಮಧ್ಯಾಹ್ನಕ್ಕೆ ಕೂಡುವುದಿಲ್ಲ. ಸರಕ್ಕೆ ಒಂದೊಂದು ಬ್ಯಾಂಡು ಸೇರಿಸಿದಂತೆ ಗೊಂಬೆ ಹೆಚ್ಚುಕಡಿಮೆ ಒಂದೊಂದು ಗೇಣು ಕೆಳಗೆ ಹೋಗುತ್ತಿತ್ತು. ಗ್ರಾಫ್ ಹಾಳೆಯಲ್ಲಿ ಚುಕ್ಕಿಗಳು ನೆಟ್ಟಗೆ ಒಂದೇ ಗೆರೆಯಲ್ಲಿ ಕೂತವು.

ಆ ನೆಟ್ಟಗಿನ ಗೆರೆ ಮೇಲೆಯೇ ನಾನು ಇಡೀ ಪೀರಿಯಡ್ ಕಳೆದೆ. ಸರ ಉದ್ದವಾದರೆ ಬೀಳುವ ದೂರ ಜಾಸ್ತಿ, ನಿಜ. ಆದರೆ ಹಿಗ್ಗುವ ರಬ್ಬರೂ ಅಷ್ಟೇ ಜಾಸ್ತಿ. ಹಾಗಾಗಿ ಕಾಲಿಗೆ ಬೀಳುವ ಎಳೆತ ಬದಲಾಗುವುದೇ ಇಲ್ಲ ಅನ್ನಬಹುದು. ಎತ್ತರ ಭಯ ಹುಟ್ಟಿಸುತ್ತದೆ, ಲೆಕ್ಕ ಕೆಡಿಸುವುದು ತೂಕ. ಗೊಂಬೆಗೆ ಎರಡು ಹಿಡಿ ಮರಳು ಜಾಸ್ತಿ ತುಂಬಿ ಅದೇ ಸರದಲ್ಲಿ ಬಿಟ್ಟೆವು. ತಲೆ ನೆಲಕ್ಕೆ ಧಡ್ ಅಂತ ಬಡಿಯಿತು. ಎಲ್ಲರೂ ನಕ್ಕರು, ಆಮೇಲೆ ಸುಮ್ಮನಾದರು. ನಿಜವಾದ ಬಂಜಿಯಲ್ಲಿ ಹಾರುವವರನ್ನು ತೂಕ ಮಾಡಿ ಅಂಗೈ ಹಿಂಭಾಗಕ್ಕೆ ಬರೆಯುವುದು, ಹಾರುವ ಮುಂಚೆ ಇನ್ನೊಮ್ಮೆ ನೋಡುವುದು ಇದಕ್ಕೇ. ತೂಕಕ್ಕೆ ತಕ್ಕ ದಪ್ಪದ ಹಗ್ಗ ಬೇರೆ ಬೇರೆ ಇರುತ್ತದೆ. ಹಗ್ಗ ಅಂದರೆ ನೂರಾರು ಲ್ಯಾಟೆಕ್ಸ್ ಎಳೆಗಳ ಕಟ್ಟು. ನಮ್ಮ ಕಡೆಯ ತೋಟಗಳಲ್ಲಿ ಇಳಿಯುವುದೂ ಅದೇ ರಬ್ಬರ್ ಹಾಲು.

“ಹಾಗಾದ್ರೆ ಜೋಗದಲ್ಲಿ ಯಾಕಿಲ್ಲ ಸಾರ್?” ಅಂತ ಒಬ್ಬಳು ಕೇಳಿದಳು. ಜೋಗ 253 ಮೀಟರ್, ಚೀನಾದ ಮಕಾವ್ ನಗರದ ಗೋಪುರದ ಬಂಜಿ 233 ಮೀಟರ್. ಪ್ರಶ್ನೆ ನ್ಯಾಯವಾದದ್ದೇ. ಬಂಜಿಯಲ್ಲಿ ಬಿದ್ದವರು ಸೀದಾ ಮೇಲೆ ಬರುವುದಿಲ್ಲ, ತೂಗಾಡುತ್ತಾರೆ. ಸೇತುವೆಯಾದರೆ ಸುತ್ತ ಬಯಲು. ಮಕಾವ್‌ನಲ್ಲಿ ಗೋಪುರಕ್ಕೆ ಬಡಿಯದ ಹಾಗೆ ಪಕ್ಕದಲ್ಲಿ ತಂತಿ ಎಳೆದಿದ್ದಾರೆ. ಜೋಗದಲ್ಲಿ ಬೆನ್ನಿಗೇ ಬಂಡೆ, ಮೇಲೆ ಗಾಳಿ. ಗೋಡೆಗೆ ತಾಗಿಸಿ ಗೊಂಬೆಯನ್ನು ಬಿಟ್ಟು ತೋರಿಸಿದೆ. ಎರಡನೇ ಸಲ ಮೇಲಕ್ಕೆ ಪುಟಿಯುವಾಗಲೇ ಅದರ ಮುಖ ಸುಣ್ಣವಾಯಿತು.

ಮರುದಿನ ಇಬ್ಬರು ಹುಡುಗರು ಪಂಕ್ಚರ್ ಅಂಗಡಿಯಿಂದ ಲಾರಿ ಟ್ಯೂಬ್ ಸೀಳಿಸಿಕೊಂಡು ಬಂದರು. ಹಳ್ಳದ ಸೇತುವೆಯಿಂದ ಕಲ್ಲು ಬಿಡುತ್ತೇವೆ, ಸುಮ್ನೆ ಅಂದರು. ಕಲ್ಲಿನ ನಂತರ ಯಾರು ಅಂತ ನನಗೆ ಗೊತ್ತಿತ್ತು. ಬಂಜಿ ನಡೆಸುವವರು ಒಂದೊಂದು ಹಗ್ಗ ಎಷ್ಟು ಸಲ ಹಿಗ್ಗಿತು, ಎಷ್ಟು ಹೊತ್ತು ಬಿಸಿಲು ಕಂಡಿತು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಅವಧಿ ಮುಗಿದರೆ, ನೋಡಲು ಚೆನ್ನಾಗಿದ್ದರೂ ಎಸೆಯುತ್ತಾರೆ. ಈ ಟ್ಯೂಬಿನ ಪುಸ್ತಕ ಎಲ್ಲಿದೆ ಅಂತ ಕೇಳಿದೆ. ಒಬ್ಬ ಟ್ಯೂಬನ್ನು ಬಿಸಿಲಿಗೆ ಹಿಡಿದು ಎಳೆದ. ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಬಾಯಿಬಿಟ್ಟವು. ಅದನ್ನು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಕೇಳಿಕೊಂಡು ಇನ್ನೂ ಬರುತ್ತಾರೆ.