ಡಿಎನ್‌ಎಗೆ ಅಂಟಿತು ಸರಿ, ಎಲ್ಲಿ ಅಂಟಿತು?

ನಾವೇ ಮಾಡಿದ ಒಂದು ನಿಕಲ್ ಸಂಯುಕ್ತ ಡಿಎನ್‌ಎಗೆ ಅಂಟುತ್ತದೆಯೇ, ಅಂಟಿದರೆ ಎಲ್ಲಿ ಎಂಬುದೇ ನನ್ನ ಥೀಸಿಸ್‌ನ ಪ್ರಶ್ನೆ. ಸ್ಯಾಲಿಸಿಲಾಲ್ಡಿಹೈಡ್, ಆರ್ಥೋ-ಫಿನೈಲೀನ್‌ಡೈಅಮೀನ್ ಎರಡನ್ನೂ ಎಥನಾಲ್‌ನಲ್ಲಿ ಹಾಕಿ ರಿಫ್ಲಕ್ಸ್ ಮಾಡಿದರೆ (ಆವಿ ತಣಿದು ವಾಪಸ್ ಬೀಳುವ ಹಾಗೆ ಕುದಿಸಿದರೆ) ಕಿತ್ತಳೆ-ಹಳದಿ ಪುಡಿ ಬೀಳುತ್ತದೆ. ಅದೇ ಸ್ಯಾಲೋಫೆನ್, ಒಂದು ಶಿಫ್ ಬೇಸ್, ಅಂದರೆ ಆಲ್ಡಿಹೈಡ್ ಮತ್ತು ಅಮೀನ್ ಕೂಡಿ ಆಗುವ ಸಂಯುಕ್ತ. 1864ರಲ್ಲಿ ಹ್ಯೂಗೋ ಶಿಫ್ ತೋರಿಸಿಕೊಟ್ಟ ಕ್ರಿಯೆ ಇವತ್ತಿಗೂ ಅಷ್ಟೇ ಸಲೀಸು. ಇದಕ್ಕೆ ನಿಕಲ್ ಅಸಿಟೇಟ್ ಸೇರಿಸಿದರೆ ನಿಕಲ್ ಅದಕ್ಕೆ ಕಟ್ಟಿಕೊಂಡು ಇಟ್ಟಿಗೆ ಬಣ್ಣದ ಕಾಂಪ್ಲೆಕ್ಸ್ ಸಿಗುತ್ತದೆ. ಐಆರ್ (ಇನ್‌ಫ್ರಾರೆಡ್) ಸ್ಪೆಕ್ಟ್ರಮ್‌ನಲ್ಲಿ 1610 cm⁻¹ ಆಸುಪಾಸಿನ ಇಮೀನ್ (ಇಂಗಾಲ-ಸಾರಜನಕ ಜೋಡಿಬಂಧ) ಪೀಕ್ ಕೆಳಗೆ ಸರಿದರೆ ಲೋಹ ಸಾರಜನಕಕ್ಕೆ ಕಟ್ಟಿಕೊಂಡಿದೆ ಎಂದು ಲೆಕ್ಕ. ಬಳ್ಳಾರಿಯ ನಮ್ಮ ಲ್ಯಾಬ್‌ನಲ್ಲಿ ಇಲ್ಲಿಯವರೆಗೆ ಏನೂ ತಲೆನೋವಿರಲಿಲ್ಲ. ಅಸಲಿ ಕೆಲಸ ಶುರುವಾಗಿದ್ದು ಡಿಎನ್‌ಎ ತರಿಸಿದ ಮೇಲೆ.

ಕರುವಿನ ಥೈಮಸ್ ಗ್ರಂಥಿಯ ಡಿಎನ್‌ಎ ಬಿಳಿ ನಾರುನಾರಾಗಿ ಇರುತ್ತದೆ. ಟ್ರಿಸ್ ಬಫರ್‌ಗೆ (ಆಮ್ಲೀಯತೆ ಏರುಪೇರಾಗದಂತೆ ಹಿಡಿಯುವ ದ್ರಾವಣಕ್ಕೆ) ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಟ್ಟರೆ ತಾನಾಗೇ ಕರಗುತ್ತದೆ. ಅವಸರಕ್ಕೆ ಬಿದ್ದು ಜೋರಾಗಿ ಕುಲುಕಬಾರದು, ಎಳೆ ತುಂಡಾಗುತ್ತದೆ. 260 ಮತ್ತು 280 ನ್ಯಾನೋಮೀಟರ್‌ನಲ್ಲಿ ಅದು ಹೀರುವ ಬೆಳಕಿನ ಅನುಪಾತ 1.8-1.9 ಇದ್ದರೆ ಪ್ರೋಟೀನ್ ಕಾಟ ಇಲ್ಲ ಎಂದರ್ಥ.

ನಮ್ಮ ಕಾಂಪ್ಲೆಕ್ಸ್ ನೀರಿಗೆ ಜಗ್ಗುವುದಿಲ್ಲ. ತುಸುವೇ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಬಫರ್‌ಗೆ ಸೇರಿಸಿದೆ. ಡಿಎನ್‌ಎಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋದೆ, ಸ್ಯಾಂಪಲ್ ಕ್ಯುವೆಟ್‌ಗೆ (ಬೆಳಕಿನ ಹೀರಿಕೆ ಅಳೆಯುವ ಪುಟ್ಟ ಪಾತ್ರೆಗೆ) ಎಷ್ಟೋ, ಹೋಲಿಕೆಗಿಟ್ಟ ರೆಫರೆನ್ಸ್ ಕ್ಯುವೆಟ್‌ಗೂ ಅಷ್ಟೇ. ಇಲ್ಲದಿದ್ದರೆ ಡಿಎನ್‌ಎ ತಾನೇ ಹೀರುವ ಬೆಳಕೂ ಲೆಕ್ಕಕ್ಕೆ ಬಂದುಬಿಡುತ್ತದೆ. ಪ್ರತಿ ಸಲವೂ ಕಾಂಪ್ಲೆಕ್ಸ್‌ನ ಹೀರಿಕೆಯ ಪೀಕ್ ತಗ್ಗುತ್ತಾ, ಒಂಚೂರು ಕೆಂಪಿನ ಕಡೆ ಸರಿಯುತ್ತಾ ಹೋಯಿತು. ಗ್ರಾಫ್ ಎಳೆದು, ಇಳಿಜಾರನ್ನು ಇಂಟರ್‌ಸೆಪ್ಟ್‌ನಿಂದ ಭಾಗಿಸಿದರೆ ಬೈಂಡಿಂಗ್ ಕಾನ್‌ಸ್ಟಂಟ್, ಅಂದರೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂಬುದರ ಅಳತೆ.

ಗೈಡ್ ಗ್ರಾಫ್ ನೋಡಿ, "ಬೈಂಡ್ ಆಗೈತೆ, ಸರಿ ಬಿಡಮ್ಮ. ಒಳಗೆ ಕುಂತೈತೋ, ಮಗ್ಗುಲಿಗೆ ಅಂಟೈತೋ?" ಅಂದರು.

ಪ್ರಶ್ನೆ ಇರುವುದೇ ಅಲ್ಲಿ. ಪೀಕ್ ತಗ್ಗಿದ ಮಾತ್ರಕ್ಕೆ ಇಂಟರ್‌ಕಲೇಷನ್, ಅಂದರೆ ಒಳಗೆ ಕೂತಿದೆ, ಎಂದು ಬರೆದುಬಿಡುವವರು ಜಾಸ್ತಿ. ಅಣು ಎಲ್ಲಿ ಕೂರಬಹುದು ಎಂದು ಕಂಪ್ಯೂಟರ್ ಊಹಿಸಿದ ಬಣ್ಣಬಣ್ಣದ ಡಾಕಿಂಗ್ ಚಿತ್ರ ಬೇರೆ ಜೊತೆಗೆ! ನಾನು ನಂಬುವುದು ದ್ರಾವಣದ ಸ್ನಿಗ್ಧತೆ ಅಳೆಯುವ ವಿಸ್ಕೋಮೀಟರನ್ನು. ಚಪ್ಪಟೆ ಅಣು ಎರಡು ಬೇಸ್ ಜೋಡಿಗಳ ನಡುವೆ ನುಗ್ಗಿದರೆ, ಪೇರಿಸಿಟ್ಟ ರೊಟ್ಟಿಗಳ ಮಧ್ಯೆ ಇನ್ನೊಂದು ರೊಟ್ಟಿ ತೂರಿಸಿದ ಹಾಗೆ, ಡಿಎನ್‌ಎ ಉದ್ದವಾಗಲೇಬೇಕು. ಉದ್ದವಾದರೆ ಸ್ನಿಗ್ಧತೆ ಹೆಚ್ಚಿ, ದ್ರಾವಣ ಕೊಳವೆಯಲ್ಲಿ ನಿಧಾನಕ್ಕೆ ಇಳಿಯುತ್ತದೆ. ಮಗ್ಗುಲಿನ ಗ್ರೂವ್‌ನಲ್ಲಿ (ಡಿಎನ್‌ಎ ಸುರುಳಿಯ ಹೊರಗಿನ ತೋಡಿನಲ್ಲಿ) ಅಂಟಿದ್ದರೆ ಹೆಚ್ಚುಕಮ್ಮಿ ಮೊದಲಿನಷ್ಟೇ ಹೊತ್ತು. ವಿಜ್ಞಾನಿ ಲರ್ಮನ್ 1961ರಲ್ಲಿ ಅಕ್ರಿಡೀನ್ ಬಣ್ಣಗಳ ವಿಷಯದಲ್ಲಿ ಹೇಳಿದ್ದೂ ಇದೇ ತರ್ಕ.

ಉಪಕರಣ ಬರೀ ಒಂದು ಗಾಜಿನ ಕೊಳವೆ. ಆದರೆ ಬಳ್ಳಾರಿ ಬಿಸಿಲು ಬಿಡಬೇಕಲ್ಲ. ಕೊಳವೆ ಮುಳುಗಿಸಿಡುವ ನೀರಿನ ಬಾತ್ 30 ಡಿಗ್ರಿಯಲ್ಲಿ ನಿಲ್ಲಬೇಕು, ಏಪ್ರಿಲ್‌ನಲ್ಲಿ ರೂಮೇ ಅದಕ್ಕಿಂತ ಬಿಸಿ. ನಮ್ಮ ಬಾತ್‌ಗೆ ಕಾಯಿಸುವುದಷ್ಟೇ ಗೊತ್ತು, ತಣಿಸುವುದು ಗೊತ್ತಿಲ್ಲ. ಬೆಳಗ್ಗೆ ಬೇಗ ಬಂದು, ಐಸ್ ತುಂಡು ಹಾಕುತ್ತಾ, ಥರ್ಮಾಮೀಟರ್ ಅಲುಗಾಡದೆ ನಿಂತ ಮೇಲೆಯೇ ಸ್ಟಾಪ್‌ವಾಚ್ ಒತ್ತುತ್ತಿದ್ದೆ. ಕೊಳವೆಯಲ್ಲಿ ಒಂದು ಗುಳ್ಳೆ ಕಂಡರೂ ಆ ರೀಡಿಂಗ್ ಬಿಟ್ಟಂತೆಯೇ. ಹೋಲಿಕೆಗೆಂದು ಪಕ್ಕದಲ್ಲಿ ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣದ್ದೂ ಒಂದು ಸೆಟ್ ಓಡಿಸಿದೆ, ಅದು ಒಳಗೆ ಕೂರುವುದು ಎಲ್ಲರಿಗೂ ಗೊತ್ತಿರುವುದೇ. ಕೈಗೆ ಗ್ಲೌಸ್ ಇಲ್ಲದೆ ಅದನ್ನು ಮುಟ್ಟಬೇಡಿ.

ನಿಕಲ್ ಕಾಂಪ್ಲೆಕ್ಸ್‌ನ ಸ್ನಿಗ್ಧತೆಯ ಗೆರೆಯೂ ಮೇಲೇರಿತು, ಆದರೆ ಎಥಿಡಿಯಂನಷ್ಟು ಕಡಿದಾಗಿ ಅಲ್ಲ. ಹಾಗಾಗಿ ಒಳಗೆ ಕೂತಿದೆ, ಆದರೆ ಎಥಿಡಿಯಂನಷ್ಟು ಗಟ್ಟಿಯಾಗಿ ಅಲ್ಲ ಎಂದೇ ಥೀಸಿಸ್‌ನಲ್ಲಿ ಬರೆದೆ.